ನಾಲ್ಕು ಬೆರಳ ಗುರುತು

"ಅವರ ಕೈ ಬಿಡಿ."

ಮೆಲನಿ ಹಾಗೆ ಹೇಳುತ್ತಾಳೆಂದು ಆ ಕೋಣೆಯಲ್ಲಿದ್ದ ಯಾರೂ ಎಣಿಸಿರಲಿಲ್ಲ. ಸ್ವತಃ ಮೆಲನಿಯೂ ಎಣಿಸಿರಲಿಲ್ಲ.

ಇಂಗ್ಲೆಂಡಿನ ಹಲ್ ನಗರದ ಪೂರ್ವಕ್ಕಿದ್ದ ಒಂದು ಸಣ್ಣ ದವಾಖಾನೆಯ ರಕ್ತ ತೆಗೆಯುವ ಕೋಣೆ ಅದು. ಮೂಲೆಯಲ್ಲಿ ನೇರಳೆ ಕೋಟು ತೊಟ್ಟ ಒಬ್ಬ ಹೆಂಗಸು ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಹೆಸರು ಶಾರ್ಲೀನ್, ಮೂವತ್ತೆಂಟು ವರ್ಷ, ಹುಟ್ಟಿದಾಗಿನಿಂದ ಡೌನ್ ಸಿಂಡ್ರೋಮ್. ಅವಳ ಮಣಿಕಟ್ಟನ್ನು ಹಿಡಿದಿದ್ದವನು ಅವಳ ತಮ್ಮ. ಸೂಜಿ ಹಿಡಿದ ನರ್ಸ್, "ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ಳಿ, ಒಂದೇ ನಿಮಿಷ" ಎಂದಿದ್ದರು. ಅವನು ಹಿಡಿದಿದ್ದ. ಶಾರ್ಲೀನ್ ಕೂಗುತ್ತಿರಲಿಲ್ಲ, ಕಣ್ಣು ಮುಚ್ಚಿಕೊಂಡು ನಡುಗುತ್ತಿದ್ದಳು.

ಅವನು ತಿರುಗಿ ನೋಡಿದ. ಬಾಗಿಲ ಬಳಿ ವಿದ್ಯಾರ್ಥಿನಿಯ ಬಿಲ್ಲೆ ತಗಲಿಸಿಕೊಂಡ, ಕನ್ನಡಕದ, ಮುಖದ ತುಂಬ ಕಂದು ಚುಕ್ಕೆಗಳಿದ್ದ ಒಬ್ಬ ಹುಡುಗಿ.

"ನೀವು ಯಾರು?"

"ಮೆಲನಿ ಹಾರ್ಗ್ರೀವ್. ಕಲಿಕೆಯ ತೊಡಕಿರೋರ ನರ್ಸಿಂಗ್ ಓದ್ತಿದ್ದೀನಿ, ಎರಡನೇ ವರ್ಷ. ಗ್ಲೆನಿಸ್ ಅವರ ಜೊತೆ ಬಂದಿದ್ದೀನಿ... ಅವರು ಬೇಡ ಅಂತಿದ್ದಾರೆ. ಬಾಯಲ್ಲಿ ಹೇಳ್ತಿಲ್ಲ, ಅಷ್ಟೇ."

"ಇದು ಮೂರನೇ ಸಲ," ಅಂದ ಅವನು. ಧ್ವನಿ ಏರಿಸಲಿಲ್ಲ, ಆದರೆ ಕಿವಿ ಕೆಂಪಗಾಗಿತ್ತು. "ಮೂರು ಸಲ ರಜ ಹಾಕಿ ಬಂದಿದ್ದೀನಿ. ನೀವು ನಾಳೆ ಕಾಲೇಜಿಗೆ ಹೋಗ್ತೀರಿ. ಇವಳಿಗೇನಾಗಿದೆ ಅಂತ ನಾನು ಹೇಗೆ ತಿಳ್ಕೊಳ್ಳಲಿ?"

ಆದರೆ ಅವನು ಅಕ್ಕನ ಕೈ ಬಿಟ್ಟಿದ್ದ. ಅದನ್ನು ಮೆಲನಿ ಗಮನಿಸಿದಳು.

ಹೊರಗೆ ಫೋನಿನಲ್ಲಿ ಮಾತಾಡುತ್ತಿದ್ದ ಗ್ಲೆನಿಸ್ ಒಳಬಂದರು. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದ್ದ ಹಿರಿಯ ನರ್ಸ್. ಮೆಲನಿ ಈ ಮೂರು ತಿಂಗಳು ಅವರ ಕೈಕೆಳಗೆ ಕೆಲಸ ಕಲಿಯಬೇಕಿತ್ತು. ಅವರು ಕೋಣೆಯನ್ನು ಒಮ್ಮೆ ನೋಡಿ, ಇವತ್ತು ರಕ್ತ ಬೇಡ, ಶಾರ್ಲೀನ್‌ಗೆ ಟೀ ಬೇಕು ಎಂದಷ್ಟೇ ಹೇಳಿದರು.

*

ವಿಷಯ ಇಷ್ಟು. ಒಂದು ವರ್ಷದಿಂದ ಶಾರ್ಲೀನ್ ಬದಲಾಗಿದ್ದಳು. ಕಿಟಕಿಯಲ್ಲಿ ಕೂತು, ಹೋಗುವ ಬಸ್ಸುಗಳ ನಂಬರನ್ನೆಲ್ಲ ಕೂಗಿ ಹೇಳುತ್ತಿದ್ದವಳು ಈಗ ಕಿಟಕಿಯ ಹತ್ತಿರವೇ ಹೋಗುತ್ತಿರಲಿಲ್ಲ. ಮೆಟ್ಟಿಲಿಳಿಯಲು ಒಪ್ಪುತ್ತಿರಲಿಲ್ಲ, ಎಡವುತ್ತಿದ್ದಳು. ಟೀ ಲೋಟವನ್ನು ಮೇಜಿನ ಪಕ್ಕದ ಗಾಳಿಯಲ್ಲಿ ಇಟ್ಟು ಒಡೆಯುತ್ತಿದ್ದಳು. ಸಣ್ಣದಕ್ಕೆಲ್ಲ ಸಿಡುಕುತ್ತಿದ್ದಳು.

ಡಾಕ್ಟರು ಅವಳ ತಮ್ಮ ಗ್ಯಾವಿನ್‌ನನ್ನು ಕೂರಿಸಿ ಹೇಳಿದ್ದರು: ಡೌನ್ ಸಿಂಡ್ರೋಮ್ ಇರುವವರಿಗೆ ಮರೆವಿನ ಕಾಯಿಲೆ ನಡುವಯಸ್ಸಿಗೇ ಬರುವುದುಂಟು, ಇದು ಅದೇ ಇರಬಹುದು. ಥೈರಾಯ್ಡ್ ಮುಂತಾದ್ದು ಅಲ್ಲ ಎಂದು ಖಚಿತವಾಗಲು ರಕ್ತ ಪರೀಕ್ಷೆ ಆಗಲೇಬೇಕು.

ಗ್ಯಾವಿನ್ ಹಲ್ ಹೊರವಲಯದಲ್ಲಿ ಕ್ಯಾರವಾನ್ ಎಂಬ ಗಾಡಿಮನೆಗಳ ಕಾರ್ಖಾನೆಯಲ್ಲಿ ಬಡಗಿ. ಅಕ್ಕನಿಗಿಂತ ಐದು ವರ್ಷ ಚಿಕ್ಕವನು. ಎರಡು ವರ್ಷದ ಹಿಂದೆ ತಾಯಿ ತೀರಿಕೊಂಡಾಗ, ಶಾರ್ಲೀನ್‌ಳನ್ನು ಯಾವುದಾದರೂ ಆಶ್ರಯದ ಮನೆಗೆ ಸೇರಿಸೋಣವೇ ಎಂದು ನಗರಸಭೆಯವರು ಕೇಳಿದ್ದರು. ಅವನು ತಾನಿದ್ದ ಬಾಡಿಗೆ ಕೋಣೆ ಖಾಲಿ ಮಾಡಿ ತಾಯಿಯ ಮನೆಗೆ ವಾಪಸು ಬಂದ. ಅಕ್ಕನಿಗೆ ಮರೆವಿನ ಕಾಯಿಲೆ ಎಂದಾದರೆ ಅದೇ ಪ್ರಶ್ನೆ ಮತ್ತೆ ಬರುತ್ತದೆ ಎಂಬ ಭಯ ಅವನಿಗೆ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಶಾರ್ಲೀನ್‌ಳನ್ನು ರಕ್ತ ಪರೀಕ್ಷೆಗೆ ಒಪ್ಪಿಸುವ ಕೆಲಸವನ್ನು ಗ್ಲೆನಿಸ್ ಮೆಲನಿಗೇ ವಹಿಸಿದರು. "ನೀನು ನಿಲ್ಲಿಸಿದ್ದೀಯ. ಇನ್ನು ನೀನೇ ಶುರು ಮಾಡ್ಬೇಕು."

ಪ್ರತಿ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಮೆಲನಿ ಅವರ ಮನೆಗೆ ಹೋಗತೊಡಗಿದಳು. ಮೊದಲ ವಾರ ಬರೀ ಕೂತು ಟೀ ಕುಡಿದಳು. ಎರಡನೇ ವಾರ ತೋಳಿಗೆ ಕಟ್ಟುವ ರಬ್ಬರ್ ಪಟ್ಟಿ ತಂದು ಮೇಜಿನ ಮೇಲೆ ಇಟ್ಟಳು, ಮುಟ್ಟು ಎನ್ನಲಿಲ್ಲ. ಹೊರಡುವ ಹೊತ್ತಿಗೆ ಶಾರ್ಲೀನ್ ಅದನ್ನು ಎತ್ತಿ ತಮ್ಮನ ತೋಳಿಗೆ ಕಟ್ಟಿದ್ದಳು, ಅವನ ಬೆರಳು ನೀಲಿಗಟ್ಟುವಷ್ಟು ಬಿಗಿಯಾಗಿ. ಮೂರನೇ ವಾರ ಚರ್ಮ ಮರಗಟ್ಟಿಸುವ ಮುಲಾಮು. ನಾಲ್ಕನೇ ವಾರ, ದವಾಖಾನೆಯ ಬಾಗಿಲು, ಕುರ್ಚಿ, ಸೂಜಿ, ಪ್ಲಾಸ್ಟರ್, ಎಲ್ಲದರ ಫೋಟೋ ಅಂಟಿಸಿದ ಒಂದು ಪುಸ್ತಕ. ಶಾರ್ಲೀನ್ ಫೋಟೋಗಳನ್ನು ಮೂಗಿನ ತುದಿಗೆ ತಂದು ನೋಡುತ್ತಿದ್ದಳು. ಮೆಲನಿ ಅದನ್ನು ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡಳು: ಚಿತ್ರಗಳನ್ನು ಮುಖಕ್ಕೆ ಹಿಡಿಯುವ ಅಭ್ಯಾಸ.

ಮಂಗಳವಾರ ಕಾರ್ಖಾನೆಯ ಪಾಳಿ ಎರಡೂವರೆಗೆ ಮುಗಿಯುತ್ತಿತ್ತು. ಗ್ಯಾವಿನ್ ಕೂದಲಲ್ಲಿ ಮರದ ಹೊಟ್ಟು ಹೊತ್ತು ಬರುತ್ತಿದ್ದ. ಮೊದಲೆರಡು ವಾರ ಮುಖ ಬಿಗಿದುಕೊಂಡೇ ಇದ್ದ. ಮೂರನೇ ವಾರ, ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು, ಅವತ್ತು ತಾನು ಅಕ್ಕನ ಕೈ ಹಿಡಿದದ್ದು ತನಗೂ ಇಷ್ಟವಿರಲಿಲ್ಲ ಎಂದ. ಬೇರೆ ದಾರಿ ಇದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ ಎಂದ.

ನಂತರ ಅವನು ಅವಳನ್ನೂ ಕೇಳಿದ. ಇಷ್ಟೆಲ್ಲ ನರ್ಸಿಂಗ್ ಇರುವಾಗ ಇದನ್ನೇ ಏಕೆ ಆರಿಸಿಕೊಂಡಿರಿ ಎಂದು. ಆ ಪ್ರಶ್ನೆ ಅವಳಿಗೆ ಹೊಸದಲ್ಲ. ಅವಳ ಬ್ಯಾಚಿನಲ್ಲಿ ದೊಡ್ಡಾಸ್ಪತ್ರೆಯ ನರ್ಸಿಂಗ್ ಓದುವವರು ನೂರಕ್ಕೂ ಹೆಚ್ಚು, ಇದನ್ನು ಓದುವವರು ಹನ್ನೊಂದೇ ಜನ. ಕ್ಯಾಂಟೀನಿನಲ್ಲಿ ಆ ಹುಡುಗಿಯರು, ನಿಮಗೆ ಮಕ್ಕಳ ಹಾಗೆ ಚಿತ್ರಕ್ಕೆ ಬಣ್ಣ ಹಚ್ಚುವ ಪರೀಕ್ಷೆ ಯಾವಾಗ ಎಂದು ರೇಗಿಸುತ್ತಿದ್ದರು. ಓದಿಗೆ ಸೇರುವ ಮೊದಲು ಐದು ವರ್ಷ ಅವಳು ಕಲಿಕೆಯ ತೊಡಕಿರುವವರು ಹಗಲು ಕಳೆಯುವ ಒಂದು ಕೇಂದ್ರದ ವ್ಯಾನಿನಲ್ಲಿ ಸಹಾಯಕಿ ಆಗಿದ್ದಳು. ಆ ವ್ಯಾನಿನಲ್ಲಿ ದಿನಾ ಬರುತ್ತಿದ್ದ ವಿಲ್ಫ್ ಎಂಬಾತ ಒಂದು ತಿಂಗಳು ತನ್ನ ತಲೆಯನ್ನು ತಾನೇ ಹೊಡೆದುಕೊಂಡ. ಅವನು ಹಾಗೆಯೇ, ಬಿಡಿ, ಎಂದರು ಎಲ್ಲರೂ. ಆಮೇಲೆ ನೋಡಿದರೆ ದವಡೆಯ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು.

"ಅಷ್ಟು ದಿನ ಪಕ್ಕದ ಸೀಟಲ್ಲೇ ಕೂತಿದ್ದೆ," ಅಂದಳು ಮೆಲನಿ. "ನನಗೂ ಗೊತ್ತಾಗ್ಲಿಲ್ಲ."

ಗ್ಯಾವಿನ್ ಅವಳ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದ.

ಐದನೇ ವಾರ ಮೆಲನಿ ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತಳು. ತನಗೇ ನಾಚಿಕೆಯಾಯಿತು. ರೋಗಿಯ ಮನೆಯವರ ಜೊತೆ ಎಷ್ಟು ದೂರದಲ್ಲಿರಬೇಕು ಎಂದು ಮೊದಲ ವರ್ಷದಲ್ಲೇ ಪಾಠ ಆಗಿತ್ತು, ಅದರಲ್ಲಿ ಅವಳಿಗೆ ಒಳ್ಳೆಯ ಅಂಕವೂ ಬಂದಿತ್ತು.

*

ಆರನೇ ವಾರ ಶಾರ್ಲೀನ್ ತಾನಾಗಿಯೇ ಹೇಳಿದಳು, "ಹೋಗೋಣ. ಸೂಜಿಗೆ."

ದವಾಖಾನೆಯಲ್ಲಿ ಗ್ಯಾವಿನ್ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದ. ಒಳಗೆ ಮೆಲನಿ ಮುಲಾಮು ಹಚ್ಚಲು ಶಾರ್ಲೀನ್‌ಳ ಎಡತೋಳಿನ ಬಟ್ಟೆಯನ್ನು ಮೇಲಕ್ಕೆ ಸರಿಸಿದಳು.

ತೋಳಿನ ಮೇಲ್ಭಾಗದಲ್ಲಿ ನಾಲ್ಕು ನೀಲಿ ಗುರುತುಗಳಿದ್ದವು, ಸಾಲಾಗಿ. ಒಳಬದಿಯಲ್ಲಿ ಇನ್ನೊಂದು, ದಪ್ಪಗೆ. ಯಾರೋ ಬಲವಾಗಿ ಹಿಡಿದ ಕೈ. ಗಂಡಸಿನ ಕೈ.

ಮೆಲನಿ ಮುಲಾಮನ್ನು ಪಕ್ಕಕ್ಕಿಟ್ಟಳು.

"ಶಾರ್ಲೀನ್, ಇದು ಹೇಗಾಯ್ತು?"

"ಗ್ಯಾವ್," ಅಂದಳು ಶಾರ್ಲೀನ್. ಅಷ್ಟರಲ್ಲಿ ಬಾಗಿಲು ತೆರೆಯಿತು. ತಮ್ಮನ ಹೆಜ್ಜೆ ಸದ್ದು ಕೇಳಿದ್ದೇ ಶಾರ್ಲೀನ್ ಬಟ್ಟೆಯನ್ನು ಸರಕ್ಕನೆ ಕೆಳಗೆಳೆದುಕೊಂಡಳು. ಬಲತೋಳು ಮುಂದೆ ಮಾಡಿದಳು. "ಈ ಕಡೆ."

ರಕ್ತ ಸಿಕ್ಕಿತು. ಎರಡು ಸೀಸೆ. ಶಾರ್ಲೀನ್ ಒಂದರಿಂದ ಹತ್ತರವರೆಗೆ ಎಣಿಸಿದಳು, ಯಾರೂ ಅವಳನ್ನು ಹಿಡಿಯಲಿಲ್ಲ. ಗ್ಯಾವಿನ್‌ನ ಕಣ್ಣಲ್ಲಿ ನೀರಿತ್ತು. ಇವತ್ತು ಕರಿದ ಆಲೂ ಪ್ಯಾಟಿ, ಚಿಪ್ಸ್ ಎಲ್ಲರಿಗೂ ನನ್ನ ಖರ್ಚಿನಲ್ಲೇ, ಗ್ಲೆನಿಸ್ ಅವರೂ ಬರಬೇಕು, ನೀವೂ ಬರಬೇಕು ಎಂದು ಮೆಲನಿಯನ್ನು ನೋಡಿ ನಕ್ಕ. ಅವನು ಹಾಗೆ ಬಾಯಿ ತುಂಬ ನಕ್ಕದ್ದನ್ನು ಅವಳು ಅಂದೇ ಮೊದಲು ನೋಡಿದ್ದು.

ಅವಳು ಕಚೇರಿಯಲ್ಲಿ ಕೆಲಸವಿದೆ ಎಂದಳು.

ಜೊತೆಗೆ ಬಂದಿದ್ದ ಗ್ಲೆನಿಸ್‌ಗೆ, ವಾಪಸು ಹೋಗುವ ಕಾರಿನಲ್ಲಿ ಎಲ್ಲ ಹೇಳಿದಳು. ಗ್ಲೆನಿಸ್ ಕಾರನ್ನು ರಸ್ತೆಬದಿಗೆ ನಿಲ್ಲಿಸಿದರು. ಕಂಡವರೇ ವರದಿ ಬರೆಯಬೇಕು, ಅದು ಅಸಹಾಯಕರನ್ನು ಕಾಯುವ ನಗರಸಭೆಯ ರಕ್ಷಣಾ ವಿಭಾಗಕ್ಕೆ ಇವತ್ತೇ ಹೋಗಬೇಕು, ಅದಕ್ಕೆ ಮೊದಲು ಆತನ ಹತ್ತಿರ ಮಾತಾಡಬಾರದು, ಅದನ್ನು ವಿಚಾರಿಸುವವರು ಬೇರೆ ಇದ್ದಾರೆ ಎಂದರು. ಆಮೇಲೆ ಅವಳ ಮುಖ ನೋಡಿ ಕೇಳಿದರು, "ನಿನಗೆ ಆತ ಇಷ್ಟ ಅಲ್ವಾ?"

ಮೆಲನಿ ಕಿಟಕಿಯಾಚೆ ನೋಡಿದಳು. "ಅದಕ್ಕೇ ಭಯ ಆಗ್ತಿದೆ. ಬೇರೆಯವರಾಗಿದ್ರೆ ಇಷ್ಟೊತ್ತಿಗೆ ಬರೆದುಬಿಟ್ಟಿರ್ತಿದ್ದೆ."

"ಹಾಗಾದ್ರೆ ಬೇರೆಯವರು ಅಂದ್ಕೊಂಡು ಬರೀ."

ಅವಳು ಬರೆದಳು. ಎಡತೋಳು, ಮೇಲ್ಭಾಗ, ನಾಲ್ಕು ಗುರುತು, ಒಳಬದಿಗೆ ಒಂದು. ಕೇಳಿದಾಗ ತಮ್ಮನ ಹೆಸರು ಹೇಳಿದರು. ತಮ್ಮ ಒಳಬಂದಾಗ ಬಟ್ಟೆ ಎಳೆದುಕೊಂಡರು. ಎಲ್ಲ ನಿಜ. ಒಂದಕ್ಷರವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಳಿಸುವ ಗುಂಡಿ ಒತ್ತಿ, ಶೌಚಾಲಯಕ್ಕೆ ಹೋಗಿ ಅತ್ತಳು.

*

ಮುಂದಿನ ಮಂಗಳವಾರ ಅವಳು ಆ ಮನೆಗೆ ಹೋಗಬೇಕಿರಲಿಲ್ಲ. ಪ್ರಕರಣದಿಂದ ಅವಳನ್ನು ಹೊರಗಿಟ್ಟಿದ್ದರು. ಆದರೆ ಗ್ಯಾವಿನ್ ಕಚೇರಿಯ ಬಾಗಿಲಿಗೇ ಬಂದ. ಕೆಲಸದ ಬಟ್ಟೆಯಲ್ಲೇ ಇದ್ದ. ಅವಳು ಸೈಕಲ್ಲಿಗೆ ಬೀಗ ಹಾಕುತ್ತಿದ್ದಳು.

"ನೀವೇ ಅಲ್ವಾ?"

ಅವಳು ಬೀಗದ ಕೈ ತೆಗೆದುಕೊಂಡು ಎದ್ದು ನಿಂತಳು.

"ನನ್ನ ಮನೇಲಿ ಆರು ವಾರ ಟೀ ಕುಡಿದ್ರಿ," ಅಂದ ಅವನು. "ಒಂದು ಮಾತು ಕೇಳ್ಬಹುದಿತ್ತು. ಒಂದೇ ಒಂದು ಮಾತು... ರಕ್ಷಣಾ ವಿಭಾಗದೋರು ಶಾರ್ಲೀನ್‌ಳನ್ನ ಪಕ್ಕದ ಕೋಣೇಲಿ ಕೂರಿಸಿ, ನನ್ನನ್ನ ಈ ಕಡೆ ಕೂರಿಸಿ, ಎರಡು ಗಂಟೆ ಕೇಳಿದ್ರು. ನಾನು ಅವಳಿಗೆ ಹೊಡೀತೀನಾ ಅಂತ. ಅವಳು ಗಾಬರಿಯಾಗಿ ಎರಡು ದಿನದಿಂದ ಊಟ ಮಾಡ್ತಿಲ್ಲ."

"ನಾನು ಮಾತಾಡೋ ಹಾಗಿಲ್ಲ, ಗ್ಯಾವಿನ್."

"ಹೌದು. ನೀವು ಬರೆಯೋರು ಮಾತ್ರ."

ಅವನು ಹೊರಟುಹೋದ. ಮೆಲನಿ ಬೀಗದ ಕೈ ಹಿಡಿದು ಅಲ್ಲೇ ನಿಂತಿದ್ದಳು. ಓದು ಬಿಟ್ಟುಬಿಡೋಣ ಎಂದು ಅವಳಿಗೆ ಅನ್ನಿಸಿದ್ದು ಅದೊಂದು ದಿನ ಮಾತ್ರ.

ಹತ್ತು ದಿನದ ನಂತರ ವಿಚಾರಣೆ ಮುಗಿಯಿತು. ಗ್ಲೆನಿಸ್ ಅವಳನ್ನು ಕರೆದು ಕೂರಿಸಿ ಹೇಳಿದರು. ಶಾರ್ಲೀನ್ ಚಿತ್ರಗಳ ಸಹಾಯದಿಂದ ನಡೆದದ್ದನ್ನು ತಾನೇ ತೋರಿಸಿದ್ದಳು. ಮನೆಯ ಮುಂದಿನ ರಸ್ತೆ ದಾಟುವಾಗ ಅವಳು ಓಡುವ ವ್ಯಾನಿಗೆ ಅಡ್ಡ ಕಾಲಿಟ್ಟಿದ್ದಳು. ಗ್ಯಾವಿನ್ ತೋಳು ಹಿಡಿದು ಹಿಂದಕ್ಕೆಳೆದಿದ್ದ. ಎಳೆಯದಿದ್ದರೆ ಅವಳು ಉಳಿಯುತ್ತಿರಲಿಲ್ಲ. ಎದುರುಮನೆಯವರೂ ಅದನ್ನೇ ಹೇಳಿದರು. ಇದನ್ನು ಯಾರಿಗೂ ಹೇಳಬೇಡ ಎಂದು ಗ್ಯಾವಿನ್ ಅಕ್ಕನಿಗೆ ಹೇಳಿದ್ದ, ಅದಕ್ಕೇ ಅವಳು ತೋಳು ಮುಚ್ಚಿಕೊಂಡದ್ದು. ಇವನ ಕೈಲಿ ನೋಡಿಕೊಳ್ಳಲು ಆಗುತ್ತಿಲ್ಲ ಎಂದು ಅಕ್ಕನನ್ನು ಕರೆದೊಯ್ಯುತ್ತಾರೆಂಬ ಭಯ ಅವನಿಗೆ.

ಮೆಲನಿಗೆ ಮೊದಲು ಉಸಿರು ಹಗುರವಾಯಿತು. ಆಮೇಲೆ ಏನೋ ಚುಚ್ಚಿತು.

"ವ್ಯಾನು ಎಷ್ಟೊತ್ತಿಗೆ ಬಂದದ್ದು?"

"ಮಧ್ಯಾಹ್ನ. ಯಾಕೆ?"

"ಅವರು ಅತ್ತ ನೋಡದೇ ಕಾಲಿಟ್ರಾ?"

ಗ್ಲೆನಿಸ್ ಕಾಗದ ತಿರುವಿದರು. "ಇಲ್ಲ. ನೋಡಿದ್ಲಂತೆ. ಅತ್ತ ನೋಡಿ, ಇತ್ತ ನೋಡಿ, ಆಮೇಲೆ ಕಾಲಿಟ್ಲಂತೆ. ಅಮ್ಮ ಕಲಿಸಿದ್ದು."

ಮೆಲನಿಗೆ ಒಂದೊಂದೇ ನೆನಪಾಯಿತು. ಬಸ್ಸಿನ ನಂಬರು. ಮೆಟ್ಟಿಲು. ಗಾಳಿಯಲ್ಲಿ ಇಟ್ಟ ಲೋಟ. ಮೂಗಿಗೆ ತಾಗಿಸಿ ನೋಡಿದ ಫೋಟೋ, ಅದಕ್ಕೆ ತಾನೇ ಬರೆದ 'ಅಭ್ಯಾಸ' ಎಂಬ ಪದ...

"ಗ್ಲೆನಿಸ್, ಅವರಿಗೆ ಮರೆವಲ್ಲ. ಅವರಿಗೆ ಕಾಣಿಸ್ತಿಲ್ಲ."

ಕಡತ ತೆಗೆದು ನೋಡಿದರು. ಕೊನೆಯ ಸಲ ಕಣ್ಣು ಪರೀಕ್ಷೆ ಆಗಿದ್ದು ನಾಲ್ಕು ವರ್ಷದ ಹಿಂದೆ, ತಾಯಿ ಇದ್ದಾಗ. ಆಮೇಲೆ ಯಾರಿಗೂ ನೆನಪಾಗಿರಲಿಲ್ಲ. ಕಾಯಿಲೆಯ ಹೆಸರು ಎಲ್ಲರ ತಲೆಯಲ್ಲೂ ಕೂತುಬಿಟ್ಟಿತ್ತು, ಕಣ್ಣನ್ನು ಯಾರೂ ನೋಡಿರಲಿಲ್ಲ. ಮೆಲನಿಯೂ ನೋಡಿರಲಿಲ್ಲ. ವಿಲ್ಫ್‌ನ ಕಥೆಯನ್ನು ಗ್ಯಾವಿನ್‌ಗೆ ಹೇಳುತ್ತಲೇ ಅವಳು ಅದೇ ತಪ್ಪನ್ನು ಮತ್ತೆ ಮಾಡಿದ್ದಳು.

ಪರೀಕ್ಷೆ ಮಾಡಿಸಿದಾಗ ಶಾರ್ಲೀನ್‌ಳ ಎರಡೂ ಕಣ್ಣಲ್ಲಿ ದಟ್ಟವಾದ ಪೊರೆ ಬೆಳೆದದ್ದು ಕಂಡಿತು. ರಕ್ತದಲ್ಲಿ ಥೈರಾಯ್ಡ್ ಕೂಡ ಕಡಿಮೆ ಇತ್ತು, ಅದಕ್ಕೆ ಮಾತ್ರೆ ಶುರುವಾಯಿತು. ಆಪರೇಷನ್‌ಗೆ ಒಪ್ಪಿಗೆ ಕೊಡುವ ಸಭೆಯಲ್ಲಿ ಡಾಕ್ಟರು ಗ್ಯಾವಿನ್‌ನ ಮುಖ ನೋಡಿ ಮಾತಾಡುತ್ತಿದ್ದರಂತೆ. ಶಾರ್ಲೀನ್ ಮೇಜು ಬಡಿದು, "ನನ್ನ ಕಣ್ಣು. ನಾನು ಹೇಳ್ತೀನಿ. ಮಾಡಿ" ಅಂದಳಂತೆ. ಇದನ್ನೆಲ್ಲ ಮೆಲನಿ ಗ್ಲೆನಿಸ್ ಬಾಯಿಂದ ಕೇಳಿದ್ದು. ಅಷ್ಟು ಹೊತ್ತಿಗೆ ಅವಳ ಮೂರು ತಿಂಗಳು ಮುಗಿದಿತ್ತು, ಒಂದು ವಿಶೇಷ ಶಾಲೆಗೆ ಅವಳನ್ನು ಹಾಕಿದ್ದರು.

ಗ್ಯಾವಿನ್ ಒಮ್ಮೆ ಗ್ಲೆನಿಸ್‌ರ ಕಚೇರಿಗೆ ಬಂದಿದ್ದನಂತೆ. ಕಣ್ಣಿನ ವಿಷಯ ಮೊದಲು ಹೊಳೆದದ್ದು ಯಾರಿಗೆಂದು ಅವನಿಗೆ ಗೊತ್ತಾಗಿತ್ತು. ಮೆಲನಿಯ ನಂಬರು ಕೊಡಿ, ಒಂದು ಮಾತು ಹೇಳಬೇಕು ಎಂದನಂತೆ. ಕೊಡುವುದಿಲ್ಲ ಎಂದರು ಗ್ಲೆನಿಸ್. ಕೇಳಿಸಿಕೊಂಡ ಮೆಲನಿ, ಸರಿಯಾಗಿಯೇ ಮಾಡಿದಿರಿ ಅಂದಳು. ಮನೆಗೆ ಹೋಗುವ ದಾರಿಯುದ್ದಕ್ಕೂ, ಆ ಒಂದು ಮಾತು ಏನಿರಬಹುದು ಎಂದು ಯೋಚಿಸಿದಳು.

*

ಹದಿನಾಲ್ಕು ತಿಂಗಳು ಕಳೆದವು. ಮೆಲನಿ ಮೂರನೇ ವರ್ಷದ ಕೊನೆಗೆ ಬಂದಿದ್ದಳು.

ಆ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಕಲಿಕೆಯ ತೊಡಕಿರುವವರೇ ಬಂದು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರು. ಆ ದಿನದ ಅತಿಥಿ ಯಾರೆಂದು ಮೆಲನಿಗೆ ಗೊತ್ತಿರಲಿಲ್ಲ. ಬಾಗಿಲು ತೆರೆದು, ಯಾರ ಕೈಯನ್ನೂ ಹಿಡಿಯದೆ, ಮೆಟ್ಟಿಲುಗಳನ್ನು ಒಂದೊಂದಾಗಿ ನೋಡಿಕೊಂಡು ಇಳಿದು ಬಂದವಳು ಶಾರ್ಲೀನ್. ಹಿಂದೆ ಅವಳ ಚೀಲ ಹಿಡಿದುಕೊಂಡು ಗ್ಯಾವಿನ್.

ಮೆಲನಿ ಕೈಯಲ್ಲಿದ್ದ ಪೆನ್ನನ್ನು ಬಿಗಿಯಾಗಿ ಹಿಡಿದಳು. ಅವನೂ ಅವಳನ್ನು ಕಂಡ. ತಕ್ಷಣ ದೃಷ್ಟಿ ತಗ್ಗಿಸಿ ಹಿಂದಿನ ಸಾಲಿಗೆ ಹೋಗಿ ಕೂತ.

ಶಾರ್ಲೀನ್ ಹನ್ನೊಂದು ಮುಖಗಳನ್ನೂ ಸಾವಕಾಶವಾಗಿ ನೋಡುತ್ತ ಬಂದಳು. ಎಲ್ಲರ ಹೆಸರು ಕೇಳಿದಳು. ಮೆಲನಿಯ ಧ್ವನಿ ಕೇಳಿದಾಗ ನಿಂತಳು.

"ಮೆಲ್? ನೀನಾ?" ಹತ್ತಿರ ಬಂದು ನೋಡಿದಳು. "ನೀನು ಕನ್ನಡಕ ಹಾಕ್ತೀಯಾ? ನನಗೆ ಗೊತ್ತೇ ಇರ್ಲಿಲ್ಲ. ಮುಖದ ತುಂಬ ಚುಕ್ಕೆ!"

ಇಡೀ ತರಗತಿ ನಕ್ಕಿತು. ಮೆಲನಿಗೂ ನಗು ಬಂತು. ಆರು ವಾರ ಎದುರು ಕೂತಿದ್ದಳು. ಶಾರ್ಲೀನ್ ಒಮ್ಮೆಯೂ ಅವಳ ಮುಖವನ್ನು ಕಂಡಿರಲೇ ಇಲ್ಲ.

ಶಾರ್ಲೀನ್ ತನ್ನ ಪಾಠ ಹೇಳಿದಳು. ಹೇಳಬೇಕಾದ್ದನ್ನು ಗ್ಯಾವಿನ್ ಜೊತೆ ಎರಡು ವಾರ ಅಭ್ಯಾಸ ಮಾಡಿದ್ದಳು, ಆದರೆ ಕೊನೆಯ ಭಾಗ ಅಭ್ಯಾಸ ಮಾಡಿದ್ದಲ್ಲ ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

"ತೋಳಿಗೆ ನೀಲಿ ಆಯ್ತು. ಮೆಲ್ ನೋಡಿದ್ಲು. ಬರೆದ್ಲು. ಗ್ಯಾವ್ ಅತ್ತ. ನಾನೂ ಅತ್ತೆ. ಆಮೇಲೆ ಕಣ್ಣು ಬಂತು." ಸ್ವಲ್ಪ ಯೋಚಿಸಿ ಸೇರಿಸಿದಳು, "ನೀವು ನರ್ಸ್ ಆಗ್ತೀರಲ್ಲ. ನನ್ನನ್ನ ಕೇಳಿ. ಅವನನ್ನಲ್ಲ. ನಾನು ನಿಧಾನವಾಗಿ ಹೇಳ್ತೀನಿ. ಕಾಯಿರಿ."

ತರಗತಿ ಮುಗಿದ ಮೇಲೆ ಶಾರ್ಲೀನ್‌ಳ ಸುತ್ತ ಎಲ್ಲರೂ ಮುತ್ತಿಕೊಂಡರು. ಹೊರಗಿನ ಪಡಸಾಲೆಯಲ್ಲಿ ಗ್ಯಾವಿನ್ ಒಬ್ಬನೇ ನಿಂತಿದ್ದ. ಮೆಲನಿ ಹೋಗಿ ಎದುರು ನಿಂತಳು.

"ಅವತ್ತು ನಿಮ್ಮನ್ನ ಕೇಳೋ ಹಾಗಿರ್ಲಿಲ್ಲ," ಅಂದಳು. "ಆದ್ರೆ ಆರು ವಾರ ಕಣ್ಣೆದುರಿಗೇ ಇದ್ದದ್ದು ನನಗೆ ಕಾಣ್ಲಿಲ್ಲ. ಅದು ನನ್ನ ತಪ್ಪು. ಕ್ಷಮಿಸಿ."

"ನಾನು ಮುಚ್ಚಿಟ್ಟೆ," ಅಂದ ಅವನು. "ವ್ಯಾನಿನ ವಿಷಯ ಅವತ್ತೇ ಹೇಳಿದ್ರೆ ಕಣ್ಣಿನ ಸಂಗತಿ ಅವತ್ತೇ ಗೊತ್ತಾಗ್ತಿತ್ತು. ನಿಮ್ಮ ಕಚೇರಿ ಮುಂದೆ ನಿಂತು ಅಷ್ಟೆಲ್ಲ ಅಂದೆ. ಮನೆಗೆ ಹೋಗಿ ಕೂತಾಗ ಅನ್ನಿಸ್ತು, ಬೇರೆ ಯಾರೋ ಅವಳ ತೋಳನ್ನ ಹಾಗೆ ಹಿಡಿದಿದ್ದಿದ್ರೆ? ಆಗ ನೀವು ಬರೀದೇ ಇದ್ದಿದ್ರೆ ನಾನು ನಿಮ್ಮನ್ನ ಬಿಡ್ತಿದ್ನಾ?"

"ಮತ್ತೆ ಕಂಡ್ರೆ ಮತ್ತೆ ಬರೀತೀನಿ."

"ಗೊತ್ತು."

ಆಮೇಲೆ ಅವನು, ಒಂದು ದಿನ ತನ್ನ ಜೊತೆ ಊಟಕ್ಕೆ ಬರುವಿರಾ, ಶಾರ್ಲೀನ್‌ಳ ನರ್ಸ್ ಆಗಿ ಅಲ್ಲ, ಎಂದು ಕೇಳಿದ. ಕೇಳುವಾಗ ಮತ್ತೆ ಕಿವಿ ಕೆಂಪಾಗಿತ್ತು.

ಮೆಲನಿಯ ಎದೆ ಹೌದು ಎಂದಿತು. ಬಾಯಿ, "ಈಗ ಆಗಲ್ಲ" ಎಂದಿತು. ಏಕೆಂದೂ ಹೇಳಿದಳು. ಗ್ಲೆನಿಸ್‌ರ ತಂಡದಲ್ಲಿ ಅವಳಿಗೆ ಕೆಲಸ ಸಿಗುವುದರಲ್ಲಿತ್ತು. ಶಾರ್ಲೀನ್ ಆ ತಂಡದ ರೋಗಿಗಳ ಪಟ್ಟಿಯಲ್ಲೇ ಇದ್ದಳು. ಅಲ್ಲಿ ಸೇರಿದರೆ ಅವಳ ತಮ್ಮನ ಜೊತೆ ಊಟವಿಲ್ಲ, ಯಾವತ್ತೂ.

ಅವನು ತಲೆಯಾಡಿಸಿದ. "ಆ ಕೆಲಸ ಬಿಡ್ಬೇಡಿ. ನನಗೋಸ್ಕರ ಅಂತೂ ಬೇಡ."

ಅದನ್ನು ಹೇಳದೆ ಇದ್ದಿದ್ದರೆ ಅವಳಿಗೆ ನಿರ್ಧಾರ ಸುಲಭವಾಗುತ್ತಿತ್ತು.

*

ಹಂಬರ್ ನದಿಯಾಚೆ, ಗ್ರಿಮ್ಸ್‌ಬಿಯಲ್ಲಿ ಇನ್ನೊಂದು ಕೆಲಸವಿತ್ತು. ಆಸ್ಪತ್ರೆಗೆ ದಾಖಲಾಗುವ, ಕಲಿಕೆಯ ತೊಡಕಿರುವವರ ಪಕ್ಕದಲ್ಲಿ ನಿಂತು, ಅವರ ನೋವು ಏನೆಂದು ಡಾಕ್ಟರರಿಗೆ ತಿಳಿಸುವ ಕೆಲಸ. ಬಸ್ಸಿನಲ್ಲಿ ಸೇತುವೆ ದಾಟಿ ಹೋಗಬರಲು ದಿನಕ್ಕೆ ಮೂರು ಗಂಟೆ. ಮೆಲನಿ ಎರಡು ವಾರ ಯೋಚಿಸಿದಳು. ಯಾರನ್ನೂ ಕೇಳಲಿಲ್ಲ. ಕೊನೆಗೆ ಗ್ರಿಮ್ಸ್‌ಬಿಗೆ ಒಪ್ಪಿಗೆ ಬರೆದಳು.

ಗ್ಲೆನಿಸ್ ಸಿಟ್ಟಾದರು. ಇಷ್ಟು ಕಲಿಸಿ ನದಿಯಾಚೆ ಕಳಿಸಬೇಕಾ ಎಂದರು. "ಆ ಬಡಗಿಗೋಸ್ಕರನಾ?"

"ಅರ್ಧ," ಅಂದಳು ಮೆಲನಿ. "ಇನ್ನರ್ಧ ವಿಲ್ಫ್‌ಗೋಸ್ಕರ. ಅವನು ಆಸ್ಪತ್ರೆಗೆ ಹೋದಾಗ ಜೊತೆಗೆ ಯಾರೂ ಇರ್ಲಿಲ್ಲ."

ಗ್ಲೆನಿಸ್ ತುಂಬ ಹೊತ್ತು ಅವಳನ್ನೇ ನೋಡಿ, ಹೊಸ ಕಡೆಯ ಮೇಲಧಿಕಾರಿಗೆ ಈ ಸಂಬಂಧದ ವಿಷಯ ಮೊದಲೇ ತಿಳಿಸು, ಬರವಣಿಗೆಯಲ್ಲಿ ತಿಳಿಸು ಎಂದರು. ಮೆಲನಿ, ಸಂಬಂಧವೇ ಇನ್ನೂ ಶುರುವಾಗಿಲ್ಲ ಎಂದಳು. ಹಾಗಿದ್ದರೆ ಇನ್ನೂ ಒಳ್ಳೆಯದು, ಈಗಲೇ ಬರೆ ಎಂದರು ಗ್ಲೆನಿಸ್. ಬರೆದಳು. ಈ ಸಲ ಕಳಿಸುವ ಗುಂಡಿ ಒತ್ತುವಾಗ ಅವಳ ಮುಖದಲ್ಲಿ ನಗುವಿತ್ತು.

ಸೆಪ್ಟೆಂಬರಿನ ಮೂರನೇ ಶುಕ್ರವಾರ ಅವಳ ನೋಂದಣಿ ಸಂಖ್ಯೆ ಬಂತು. ಮೆಲನಿ ಹಾರ್ಗ್ರೀವ್, ನೋಂದಾಯಿತ ನರ್ಸ್. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅವಳು ಆ ಮನೆಯ ಬಾಗಿಲು ತಟ್ಟಿದಳು.

ತೆರೆದದ್ದು ಶಾರ್ಲೀನ್. ಗ್ಯಾವಿನ್ ಹಿತ್ತಲಲ್ಲಿ ಏನನ್ನೋ ಗರಗಸದಿಂದ ಕೊಯ್ಯುತ್ತಿದ್ದ ಸದ್ದು ಕೇಳುತ್ತಿತ್ತು. ಅವನನ್ನು ಕರೆಯುವ ಮೊದಲು ಶಾರ್ಲೀನ್‌ಳ ಹತ್ತಿರ ಮಾತಾಡಬೇಕು ಎಂದು ಮೆಲನಿ ಮೊದಲೇ ನಿಶ್ಚಯಿಸಿದ್ದಳು.

"ನೀನು ನನ್ನ ನರ್ಸಾ?" ಕೇಳಿದಳು ಶಾರ್ಲೀನ್.

"ಅಲ್ಲ. ಇನ್ಮೇಲೆ ಅಲ್ಲ. ನಾನು ಗ್ರಿಮ್ಸ್‌ಬಿಯವರ ನರ್ಸ್."

"ಗ್ಯಾವ್‌ನ ನರ್ಸಾ?"

"ಅಲ್ಲ."

"ಮತ್ತೆ ಯಾಕೆ ಬಂದೆ?"

ಮೆಲನಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಳು. "ನನಗೆ ಗ್ಯಾವ್ ಅಂದ್ರೆ ಇಷ್ಟ, ಶಾರ್ಲೀನ್. ಆಗಾಗ ಬಂದು ಹೋಗ್ಬೇಕು ಅಂತ ಆಸೆ. ಇದು ನಿಮ್ಮ ಮನೆ. ನಿಮಗೆ ಬೇಡ ಅನ್ನಿಸಿದ್ರೆ ಹೇಳಿ. ನಾನು ಕಾಯ್ತೀನಿ."

ಶಾರ್ಲೀನ್ ಕೈ ಕಟ್ಟಿಕೊಂಡು ಯೋಚಿಸಿದಳು. ಬೀದಿಯಲ್ಲಿ ಒಂದು ಕಾರು ಹೋಯಿತು, ಇನ್ನೊಂದು ಹೋಯಿತು. ಮೆಲನಿಯ ಮೊಣಕಾಲು ನೋಯತೊಡಗಿತು.

"ಅವನು ಗೊರಕೆ ಹೊಡೀತಾನೆ," ಅಂದಳು ಕೊನೆಗೆ. "ನನ್ನ ಬಿಸ್ಕತ್ತು ತಿಂತಾನೆ."

"ಸರಿ."

"ಶನಿವಾರ ಬಾ. ಭಾನುವಾರ ಬೇಡ. ಭಾನುವಾರ ನನ್ನದು."

"ಸರಿ."

"ಹೋಗು. ಹಿಂದೆ ಇದ್ದಾನೆ."

ಹಿತ್ತಲಲ್ಲಿ ಗ್ಯಾವಿನ್ ಅಕ್ಕನಿಗೊಂದು ಬೆಂಚು ಮಾಡುತ್ತಿದ್ದ. ಅವಳನ್ನು ಕಂಡು ಗರಗಸ ಕೆಳಗಿಟ್ಟ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅವಳು ಎಲ್ಲವನ್ನೂ ನೇರವಾಗಿ ಹೇಳಿದಳು. ಗ್ರಿಮ್ಸ್‌ಬಿ, ಬಸ್ಸು, ಮೇಲಧಿಕಾರಿಗೆ ಬರೆದ ಕಾಗದ, ಶನಿವಾರ.

"ಬೇಡ ಅಂದಿದ್ನಲ್ಲ... ನನಗೋಸ್ಕರ ಬಿಡ್ಬೇಡಿ ಅಂತ."

"ನಾನು ಬಿಟ್ಟಿಲ್ಲ. ಆರಿಸ್ಕೊಂಡೆ."

ಅವನು ಬೆಂಚಿನ ತುದಿಯಲ್ಲಿ ಕೂತ. ಪಕ್ಕದಲ್ಲಿ ಜಾಗ ಬಿಟ್ಟ. ಅವಳೂ ಕೂತಳು. ಹಲಗೆಗೆ ಇನ್ನೂ ಹಸಿಮರದ ವಾಸನೆಯಿತ್ತು.

"ಒಂದು ಮಾತು ಹೇಳ್ಬೇಕಿತ್ತು," ಅಂದ ಅವನು. "ಗ್ಲೆನಿಸ್ ನಿಮ್ಮ ನಂಬರು ಕೊಡ್ಲಿಲ್ಲ."

"ಈಗ ಹೇಳಿ."

"ಅಮ್ಮ ಹೋದ್ಮೇಲೆ ಶಾರ್ಲೀನ್‌ನ ನೋಡ್ಕೊಳ್ಳೋನು ನಾನೊಬ್ಬನೇ ಆದೆ. ಎಲ್ಲರೂ ನನ್ನನ್ನ ಹೊಗಳಿದ್ರು. ಯಾರೂ ನನ್ನನ್ನ ಪ್ರಶ್ನೆ ಮಾಡ್ಲಿಲ್ಲ. ಅವಳ ಕಡೆಗೆ ನಿಂತು ನನ್ನ ಮೇಲೂ ಅನುಮಾನ ಪಟ್ಟೋಳು ನೀನೊಬ್ಬಳೇ. ಮೊದಲು ಸಿಟ್ಟು ಬಂತು. ಆಮೇಲೆ... ಅಂಥೋಳು ಒಬ್ಬಳು ಈ ಮನೇಲಿ ಇರ್ಬೇಕು ಅನ್ನಿಸ್ತು. ಅದು ನೀನೇ ಆಗ್ಬೇಕು ಅನ್ನಿಸ್ತು. ನೀನಂದ್ರೆ ನನಗಿಷ್ಟ, ಮೆಲ್."

ಮೆಲನಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಅವನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಒರಟು ಕೈ, ಬೆರಳಿನ ಸಂದಿಯಲ್ಲೆಲ್ಲ ಹೊಟ್ಟು.

"ನನಗೂ ಇಷ್ಟ. ಬರ್ತೀನಿ. ಆದ್ರೆ ನಿಧಾನವಾಗಿ."

"ಎಷ್ಟು ನಿಧಾನ?"

"ಇವತ್ತು ಊಟಕ್ಕೆ ಇರ್ತೀನಿ. ಅಷ್ಟು."

ಗ್ಯಾವಿನ್ ಅವಳ ಕೈಯನ್ನು ಮೆತ್ತಗೆ ಒತ್ತಿದ.

"ಸಾಕು," ಅಂದ.